ದೊಡ್ಡ ಬ್ಯಾನಿ ಮತ್ತು ದುಃಖದ ದಾರಿಗಳು: ಬಿಜಾಪುರ ಸೀಮೆಯ ನಾಲ್ಕು ತಾಲೂಕುಗಳ ಚರಿತ್ರೆಯಿಂದ

ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳ ಚರಿತ್ರೆಯಲ್ಲಿ ಬರಗಾಲಕ್ಕೆ, ಕಾಲರಾಕ್ಕೆ, ಪ್ಲೇಗಿಗೆ ಸಿಗುವಷ್ಟು ದಾಖಲೆ ಕ್ಯಾನ್ಸರಿಗೆ ಸಿಗುವುದಿಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಈ ಸೀಮೆಯ ಆಡಳಿತ 1885ರವರೆಗೆ ಕಲಾದಗಿಯಿಂದಲೂ ಅನಂತರ ಬಿಜಾಪುರದಿಂದಲೂ ನಡೆಯುತ್ತಿತ್ತು. ಕಂದಾಯಕ್ಕೆ, ವ್ಯಾಪಾರಕ್ಕೆ, ದಂಡಿನ ಆರೋಗ್ಯಕ್ಕೆ ಧಕ್ಕೆ ತರುವ ಸಂಗತಿಗಳನ್ನು ಆ ಸರಕಾರ ಬರೆದಿಟ್ಟಿತೇ ಹೊರತು, ಒಬ್ಬ ಒಕ್ಕಲಿತಿಯ ಎದೆಯಲ್ಲಿ ಬೆಳೆದ ಗಡ್ಡೆಯಿಂದ ಯಾವ ಲೆಕ್ಕಪತ್ರವೂ ಏರುಪೇರಾಗುತ್ತಿರಲಿಲ್ಲ. ಇದಲ್ಲದೆ 1941–51ರ ದಶಕದಲ್ಲಿಯೂ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷದಷ್ಟೇ ಇದ್ದುದರಿಂದ, ಹೆಚ್ಚಾಗಿ ನಡುವಯಸ್ಸು ದಾಟಿದವರನ್ನು ಹಿಡಿಯುವ ಈ ರೋಗ ಜ್ವರ, ಭೇದಿ, ಹೆರಿಗೆಯ ಸಾವುಗಳ ರಾಶಿಯಡಿ ಕಾಣದೆ ಹೋಗುತ್ತಿತ್ತು. ಆದ್ದರಿಂದ ಈ ಸೀಮೆಯ ಜನ ಕ್ಯಾನ್ಸರನ್ನು ಮನಸ್ಸಿನೊಳಗೆ ಹೇಗೆ ತಾಳಿಕೊಂಡರು ಎಂಬುದನ್ನು ತಿಳಿಯಬೇಕಾದರೆ ಸರಕಾರಿ ಕಡತಗಳಿಗಿಂತ ಹೆಚ್ಚಾಗಿ ಅವರ ಹಾಡು, ಹರಕೆ, ನೇಮ ಮತ್ತು ಮೌನಗಳನ್ನು ನೋಡಬೇಕಾಗುತ್ತದೆ.

ಸಾಂಕ್ರಾಮಿಕ ರೋಗಗಳ ದುಃಖ ಊರಿನ ದುಃಖವಾಗಿತ್ತು. 1876–78ರ ಬರಗಾಲ ಮನೆಮನೆಯನ್ನೂ ತಟ್ಟಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಳನಾಡಿಗೆ ಹಬ್ಬಿದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಉಳಿಯಬೇಕಾಯಿತು. ಇಂಥ ಹೊತ್ತಿನಲ್ಲಿ ಊರಿಗೆ ಊರೇ ಕೂಡಿ ದ್ಯಾಮವ್ವನಿಗೂ ದುರಗವ್ವನಿಗೂ ನಡೆದುಕೊಳ್ಳುವುದು, ಮಂಗಳವಾರ ಶುಕ್ರವಾರಗಳಂದು ಕೆಲಸಕ್ಕೆ ಹೋಗದೆ ವಾರ ಬಿಡುವುದು, ರೋಗದ ದೇವತೆಯನ್ನು ಮೆರವಣಿಗೆಯಲ್ಲಿ ಒಯ್ದು ಊರ ಗಡಿ ದಾಟಿಸುವುದು ಇವೆಲ್ಲ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಡೆದುಬಂದ ಆಚರಣೆಗಳು. ಇವುಗಳಿಂದ ರೋಗ ಹೋಗುತ್ತಿತ್ತೋ ಇಲ್ಲವೋ ಎಂಬುದು ಬೇರೆ ಮಾತು. ಹೆದರಿದವನು ತಾನೊಬ್ಬನೇ ಅಲ್ಲ ಎಂಬ ತಿಳಿವಳಿಕೆಯಂತೂ ಪ್ರತಿಯೊಬ್ಬನಿಗೂ ದೊರೆಯುತ್ತಿತ್ತು. ಕ್ಯಾನ್ಸರಿಗೆ ಅಂಥ ಅವ್ವ ಯಾರೂ ಇರಲಿಲ್ಲ. ಸಿಡುಬಿಗೆ ಅಮ್ಮನಿದ್ದಳು, ಪ್ಲೇಗಿಗೆ ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮ ಹುಟ್ಟಿಕೊಂಡಳು, ತೀರ ಈಚೆಗೆ 1997ರಲ್ಲಿ ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಏಡ್ಸ್ ಅಮ್ಮನಿಗೂ ಗುಡಿಯಾಯಿತು. ಒಬ್ಬರಿಂದ ಒಬ್ಬರಿಗೆ ಹರಡದ, ಗಡಿ ದಾಟಿಸಲು ಬಾರದ, ಒಂದೇ ಮೈಯೊಳಗೆ ಬೆಳೆದು ಅಲ್ಲಿಯೇ ಮುಗಿಯುವ ರೋಗಕ್ಕೆ ಊರು ಕೂಡಿ ಮಾಡುವ ಪೂಜೆಯಲ್ಲಿ ಜಾಗವಿರಲಿಲ್ಲ. ಇದರ ದುಃಖ ಮೊದಲಿನಿಂದಲೂ ಮನೆಯೊಳಗಿನ ದುಃಖ.

ಹಾಗೆಂದು ರೋಗವೇ ಜನರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮೈಯಲ್ಲಿ ಗಟ್ಟಿಯಾಗಿ ಬೆಳೆಯುವ ಗಂಟುಗಳನ್ನು ಸುಶ್ರುತ ಸಂಹಿತೆ ಗ್ರಂಥಿ, ಅರ್ಬುದ ಎಂದು ಎರಡು ಬಗೆಯಾಗಿ ವಿವರಿಸಿತ್ತು. ನಾಟಿ ವೈದ್ಯರೂ ಹಕೀಮರೂ ಗಡ್ಡೆಗೆ ಲೇಪ ಹಚ್ಚುತ್ತಿದ್ದರು, ಮಾಯದ ಹುಣ್ಣಿಗೆ ಪಥ್ಯ ಹೇಳುತ್ತಿದ್ದರು. ಮದ್ದು ಸಾಗದಾದಾಗ ಹರಕೆಯ ಸರದಿ ಬರುತ್ತಿತ್ತು. ದೇವರ ಹಿಪ್ಪರಗಿಯ ರಾವುತರಾಯ ಮಲ್ಲಯ್ಯನಿಗೆ, ಬಸವನ ಬಾಗೇವಾಡಿಯ ಮೂಲನಂದೀಶ್ವರನಿಗೆ, ಯಲಗೂರಿನ ಹನುಮಪ್ಪನಿಗೆ, ಬಿಜಾಪುರದ ದರ್ಗಾಗಳಿಗೆ ಮನೆಯವರು ಬೇಡಿಕೊಳ್ಳುತ್ತಿದ್ದರು. ನೆಲಕ್ಕೆ ಮೈಚಾಚಿ ಏಳುತ್ತ ಗುಡಿಯವರೆಗೆ ಸಾಗುವ ದೀಡ ನಮಸ್ಕಾರ, ಶ್ರೀಶೈಲಕ್ಕೆ ಕಾಲ್ನಡಿಗೆಯ ಯಾತ್ರೆ ಇವು ಆ ಹರಕೆಗಳಲ್ಲಿ ಕಠಿಣವಾದವು. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಹರಕೆಯನ್ನು ಹೊತ್ತು ತೀರಿಸುತ್ತಿದ್ದವರು ಹಲವು ವೇಳೆ ರೋಗಿಯಲ್ಲ, ರೋಗಿಯ ಗಂಡ, ಮಗ, ತಾಯಿ ಅಥವಾ ಸೊಸೆ. ಏನೂ ಮಾಡಲಾಗದೆ ಹಾಸಿಗೆಯ ಪಕ್ಕದಲ್ಲಿ ಕೂತವರಿಗೆ ಮಾಡಲು ಒಂದು ಕೆಲಸವನ್ನು, ಅದೂ ಮೈ ನೋಯುವ ಕೆಲಸವನ್ನು, ಈ ಪದ್ಧತಿ ಒದಗಿಸುತ್ತಿತ್ತು. ರೋಗಿಯ ಜೊತೆಗಿರುವವರ ಸಂಕಟಕ್ಕೂ ಉಪಚಾರ ಬೇಕೆಂಬುದನ್ನು ಆಧುನಿಕ ವೈದ್ಯವು ಬಹಳ ತಡವಾಗಿ ಒಪ್ಪಿಕೊಂಡಿತು.

ಮನೆಯ ದುಃಖಕ್ಕೆ ಊರು ತಟ್ಟುವ ಬಾಗಿಲೊಂದಿತ್ತು. ಅದನ್ನು ಈ ಸೀಮೆಯಲ್ಲಿ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ಜಡ್ಡಿಗೆ ಬಿದ್ದವರ ಮನೆಗೆ ನೆಂಟರೂ ಓಣಿಯವರೂ ಹಣ್ಣನ್ನೋ ಬಿಸ್ಕೀಟಿನ ಪೊಟ್ಟಣವನ್ನೋ ಹಿಡಿದು ಹೋಗಿ, ರೋಗದ ವಿಷಯವನ್ನು ಹೆಚ್ಚು ಕೆದಕದೆ, ಮಳೆ, ಜೋಳದ ಬೆಳೆ, ಮಕ್ಕಳ ಲಗ್ನ ಇಂಥ ಮಾತುಗಳಲ್ಲಿ ಒಂದು ತಾಸು ಕಳೆದು ಬರುವ ಈ ರೂಢಿ ಇಂದಿಗೂ ಇದೆ. ಜೀವವಿರುವಾಗಲೇ ಒಮ್ಮೆ ಮಾರಿ ನೋಡಿ ಬರಬೇಕೆಂಬುದು ಇದರ ಹಿಂದಿನ ಕಟ್ಟಳೆ, ಮಾರಿ ಎಂದರೆ ಇಲ್ಲಿನ ಆಡುಮಾತಿನಲ್ಲಿ ಮುಖ. ಇದರಲ್ಲಿ ಸಾಂತ್ವನವೂ ಇತ್ತು, ಕ್ರೌರ್ಯವೂ ಇತ್ತು: ಮನೆಯವರು ಎಷ್ಟೇ ಮುಚ್ಚಿಟ್ಟರೂ, ದೂರದ ಊರುಗಳಿಂದ ಬೀಗರು ಒಬ್ಬರ ಹಿಂದೊಬ್ಬರು ಬರತೊಡಗಿದಾಗ ಹಾಸಿಗೆಯಲ್ಲಿದ್ದವರಿಗೆ ತಮ್ಮ ಸ್ಥಿತಿ ತಾನಾಗಿ ಅರ್ಥವಾಗುತ್ತಿತ್ತು.

ಹೆಂಗಸರಿಗಿದ್ದ ಆಸರೆ ಇದಕ್ಕಿಂತ ಆಳವಾದದ್ದು, ಮತ್ತು ಅದರ ಬಗೆಗೆ ಈ ಸೀಮೆಯಿಂದಲೇ ಬಂದ ಅಪೂರ್ವವಾದ ದಾಖಲೆಯೂ ಇದೆ. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಕವಿ ಮಧುರಚೆನ್ನರನ್ನು ನಡುವಿಟ್ಟುಕೊಂಡು ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಕಟ್ಟಿಕೊಂಡ ಗೆಳೆಯರ ಗುಂಪು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದಿತು. ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಎಂಬ ಸಂಗ್ರಹಗಳು ಅದರ ಬೆನ್ನಿಗೇ ಬಂದವು. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ತ್ರಿಪದಿಯಲ್ಲಿ, ಎಂದರೆ ಮೂರು ಸಾಲಿನ ಹಳೆಯ ದೇಸಿ ಛಂದಸ್ಸಿನಲ್ಲಿ, ಹಾಡಿಕೊಳ್ಳುತ್ತಿದ್ದ ಹಾಡುಗಳಿವು. ತವರಿನ ಹಂಬಲ, ಅಣ್ಣತಮ್ಮಂದಿರ ಮೇಲಿನ ಮಮತೆ, ಕೂಸಿನ ಸುಖ, ಅತ್ತೆಮನೆಯ ಕಷ್ಟ ಎಲ್ಲವೂ ಇವುಗಳಲ್ಲಿ ಬರುತ್ತವೆ. ಇವು ಜಡ್ಡಿನ ಹಾಡುಗಳಲ್ಲ. ಆದರೆ ಎದುರಿಗೆ ಹೇಳಲಾಗದ್ದನ್ನು ಕಲ್ಲಿಗೆ ಹೇಳುವ ಅವಕಾಶ ಇಲ್ಲಿತ್ತೆಂಬುದು ಮುಖ್ಯ. ಕಲ್ಲಿನ ಸದ್ದು ಮಾತನ್ನು ಅರ್ಧ ಮುಚ್ಚುತ್ತಿತ್ತು, ಹಾಡಿನ ಕಟ್ಟು ದುಃಖವನ್ನು ತನ್ನದೊಬ್ಬಳದ್ದಲ್ಲದ್ದಾಗಿ ಮಾಡುತ್ತಿತ್ತು, ಜೊತೆಗೆ ಹಿಡಿಗೂಟಕ್ಕೆ ಕೈ ಹಾಕಿದ ನೆಗೆಣ್ಣಿಯೋ ನೆರೆಯವಳೋ ಕೇಳುವವಳಾಗಿರುತ್ತಿದ್ದಳು. ಇದೇ ಕಲ್ಲಿನ ಸುತ್ತ ಬಿಜಾಪುರದ ಸೂಫಿಗಳು ದಖನಿ ಭಾಷೆಯಲ್ಲಿ ‘ಚಕ್ಕಿನಾಮಾ’ಗಳನ್ನು ಕಟ್ಟಿದ್ದರು, ಕಲ್ಲಿನ ಒಂದೊಂದು ಭಾಗವನ್ನೂ ದೇವರ ನೆನಪಿಗೆ ಹೊಂದಿಸಿ ಹಾಡಿದ ಆ ಪದಗಳನ್ನು ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಕನ್ನಡದ ಒಕ್ಕಲಿತಿಗೂ ದಖನಿಯ ಬೀಬಿಗೂ ಮನಸ್ಸು ಹಗುರ ಮಾಡಿಕೊಳ್ಳುವ ಸ್ಥಳ ಒಂದೇ ಆಗಿತ್ತು. ಸತ್ತವರ ಮುಂದೆ ಅವರ ಗುಣಗಳನ್ನು ಹಾಡಿಕೊಂಡು ಅಳುವ ಪದ್ಧತಿಯನ್ನೂ ಸೇರಿಸಿದರೆ, ಈ ಸೀಮೆಯ ಹೆಂಗಸರ ದುಃಖಕ್ಕೆ ಒಂದು ಭಾಷೆ ಸಿದ್ಧವಾಗಿಯೇ ಇತ್ತೆಂದು ಹೇಳಬಹುದು.

ಇಂಡಿ ಸೀಮೆಯಲ್ಲಿಯೇ ಬೆಳೆದ ಇನ್ನೊಂದು ಪರಂಪರೆಯ ನಂಟು ಕ್ಯಾನ್ಸರಿನೊಂದಿಗೆ ನೇರವಾಗಿಯೇ ಇದೆ. ನಿಂಬರಗಿಯ ಗುರುಲಿಂಗಜಂಗಮ ಮಹಾರಾಜರಿಂದ ಆರಂಭವಾಗಿ, ಅವರ ಶಿಷ್ಯ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಕಟ್ಟಿದ ಸಂಪ್ರದಾಯವಿದು. ಗುರು ಕೊಟ್ಟ ನಾಮವನ್ನು ದಿನಕ್ಕೆ ಹಲವು ತಾಸು ಕೂತು ಧ್ಯಾನಿಸುವುದು ಇದರ ನೇಮ. ಲಿಂಗಾಯತರೂ ಬ್ರಾಹ್ಮಣರೂ, ಕನ್ನಡಿಗರೂ ಮರಾಠಿಗರೂ ಕೂಡಿಯೇ ನಡೆಸಿಕೊಂಡು ಬಂದದ್ದು ಇದರ ವಿಶೇಷ. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾನಡೆಯವರು ದುರ್ಬಲವಾದ ದೇಹವನ್ನು ಹೊತ್ತುಕೊಂಡೇ ಈ ನೇಮವನ್ನು ನಡೆಸಿ, ಇಂಡಿ ತಾಲೂಕಿನ ನಿಂಬಾಳದ ಆಶ್ರಮದಲ್ಲಿ 1957ರಲ್ಲಿ ತೀರಿಕೊಂಡರು. ಭಾವೂಸಾಹೇಬರ ಮತ್ತೊಬ್ಬ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರ ಮೂಲಕ ಈ ಪರಂಪರೆ ಮುಂಬಯಿಯ ಖೇತವಾಡಿಯನ್ನು ಮುಟ್ಟಿ, ಅಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರಲ್ಲಿ ಜಗತ್ತಿಗೆ ಪರಿಚಯವಾಯಿತು. ಸ್ವತಃ ಬೀಡಿ ಸೇದುತ್ತಿದ್ದ ನಿಸರ್ಗದತ್ತರಿಗೆ ಗಂಟಲಿನ ಕ್ಯಾನ್ಸರು ತಗಲಿತು. ರೋಗ ಬಂದಿರುವುದು ದೇಹಕ್ಕೆ, ಅದನ್ನು ಕಾಣುತ್ತಿರುವ ಅರಿವಿಗಲ್ಲ ಎಂಬ ನಿಲುವಿನಿಂದ ಕದಲದೆ, ದನಿ ಕುಗ್ಗಿದಂತೆ ಮಾತನ್ನು ಮೊಟಕು ಮಾಡಿಕೊಳ್ಳುತ್ತ, ಬಂದವರ ಪ್ರಶ್ನೆಗಳಿಗೆ ಕೊನೆಗಾಲದವರೆಗೂ ಉತ್ತರಿಸುತ್ತಿದ್ದ ಅವರು 1981ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಆ ಕೊನೆಯ ವರ್ಷಗಳ ಸಂವಾದಗಳು ಪುಸ್ತಕಗಳಾಗಿ ದೊರೆಯುತ್ತವೆ. ರೋಗ ಗೊತ್ತಾದ ಮೇಲೆ ಒಬ್ಬ ಮನುಷ್ಯ ಅದನ್ನು ಹೇಗೆ ಕಂಡ ಎಂಬುದಕ್ಕೆ ಇಂಚಗೇರಿಯ ಮಣ್ಣಿಗೆ ಸೇರಿದ ಇಷ್ಟು ಸ್ಪಷ್ಟವಾದ ದಾಖಲೆ ಇನ್ನೊಂದಿಲ್ಲ. ಆದರೆ ಅರ್ಧ ಶತಮಾನ ನೇಮ ಮಾಡಿದವರ ಶಾಂತಿಯನ್ನು ಮಾದರಿಯಾಗಿ ಎತ್ತಿ ಹಿಡಿದು, ಸಣ್ಣ ಮಕ್ಕಳ ತಾಯಿಯೊಬ್ಬಳಿಗೆ ಅಳಬೇಡವೆಂದು ಬುದ್ಧಿ ಹೇಳುವುದು ಅನ್ಯಾಯ. ಸಾಧಕನ ಸಮಾಧಾನ ಒಂದು ಗಳಿಕೆ, ಅದನ್ನು ಎಲ್ಲರ ಮೇಲೂ ಕಟ್ಟಳೆಯಾಗಿ ಹೇರಲು ಬರುವುದಿಲ್ಲ.

ಈವರೆಗೆ ಹೇಳಿದ್ದೆಲ್ಲ ರೋಗ ಹೆಸರಿಲ್ಲದೆ ಇದ್ದ ಕಾಲಕ್ಕೆ ಸೇರಿದ ಆಸರೆಗಳು. ರೋಗದ ಹೆಸರನ್ನು ಕಾಗದದ ಮೇಲೆ ಬರೆದು ಕೈಗೆ ಕೊಡುವ ಪದ್ಧತಿ ಹೊರಗಿನಿಂದ ಬಂತು, ಮತ್ತು ಬಹುಮಟ್ಟಿಗೆ ರೈಲಿನಲ್ಲಿ ಬಂತು. ಹೋಟಗಿಯಿಂದ ಗದಗಿಗೆ 1880ರ ದಶಕದಲ್ಲಿ ಹಾಕಿದ ಮೀಟರ್ ಗೇಜ್ ಹಳಿ ಲಚ್ಯಾಣ, ಇಂಡಿ ರೋಡ್, ನಿಂಬಾಳ, ಬಾಗೇವಾಡಿ ರೋಡ್‌ಗಳ ಮೇಲೆ ಹಾದುಹೋದುದರಿಂದ ಸೊಲ್ಲಾಪುರವೂ ಅಲ್ಲಿಂದ ಮುಂಬಯಿಯೂ ಹತ್ತಿರವಾದವು; ಹಳಿ ಕಾಣದ ಸಿಂದಗಿ, ಮುದ್ದೇಬಿಹಾಳಗಳ ರೋಗಿಗಳು ಚಕ್ಕಡಿಯಲ್ಲೋ ಮೋಟಾರಿನಲ್ಲೋ ಮೊದಲು ಬಿಜಾಪುರ ಸೇರಬೇಕಾಗಿತ್ತು. ಕೆನಡಾದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ತೆರೆದ ಆಸ್ಪತ್ರೆ ಈ ಇಡೀ ಗಡಿಸೀಮೆಯ ದೊಡ್ಡ ದವಾಖಾನೆಯಾಯಿತು. ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಸತ್ತ ದುಃಖವನ್ನು ಹೊತ್ತು ಮರುವರ್ಷವೇ ತೀರಿಕೊಂಡ ದೊರಾಬ್ಜಿ ಟಾಟಾ ಅವರ ಹೆಸರಿನ ಟ್ರಸ್ಟ್ 1941ರ ಫೆಬ್ರುವರಿ 28ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. 1956ರಲ್ಲಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ರೋಗಿಗಳ ದಾರಿ ಬದಲಾಗಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾದ ಮೇಲೆಯೂ, ಐನೂರು ಕಿಲೋಮೀಟರಿಗಿಂತ ದೂರದ ಆ ಊರಿಗಿಂತ ಮಿರಜ, ಸೊಲ್ಲಾಪುರಗಳೇ ಇಂಡಿಯವರಿಗೆ ಸಮೀಪ. ಮುಂದೆ ಹುಬ್ಬಳ್ಳಿಯಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆ, ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆ ಬಂದವು. ಬಿಜಾಪುರದಲ್ಲಿಯೇ ಅಲ್ ಅಮೀನ್ ಮತ್ತು ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜುಗಳು 1980ರ ದಶಕದಲ್ಲಿ ತಲೆಯೆತ್ತಿದವು.

ಹೆಸರು ಗೊತ್ತಾದೊಡನೆ ಅದನ್ನು ಯಾರಿಗೆ ಹೇಳಬೇಕೆಂಬ ಪ್ರಶ್ನೆ ಎದ್ದಿತು. ಗಡ್ಡೆಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ವರದಿ ಬಂದಾಗ ವೈದ್ಯರು ರೋಗಿಯನ್ನು ಹೊರಗೆ ಕೂರಿಸಿ, ಜೊತೆಗೆ ಬಂದ ಗಂಡಸರನ್ನು ಒಳಗೆ ಕರೆದು ಹೇಳುವುದು, ಅವರು ‘ಅವರಿಗೆ ಹೇಳಬ್ಯಾಡ್ರಿ, ಎದಿ ಒಡಕೊಂತಾರ’ ಎಂದು ಕೈಮುಗಿಯುವುದು ರೂಢಿಯಾಯಿತು. ರೋಗಿಗೆ ಗಡ್ಡೆಯಾಗಿದೆ, ಕರೆಂಟು (ವಿಕಿರಣ) ಕೊಡುತ್ತಾರೆ ಎಂದಷ್ಟೇ ತಿಳಿಸಿ, ಊರಿನಲ್ಲಿ ‘ದೊಡ್ಡ ಬ್ಯಾನಿ’ ಎಂದು ಪಿಸುಮಾತಿನಲ್ಲಿ ಆಡಿಕೊಳ್ಳುತ್ತಿದ್ದರು. ಇದನ್ನು ಹಳ್ಳಿಯ ಅಜ್ಞಾನವೆಂದು ಕರೆಯುವವರು ಅಮೆರಿಕದ ಚರಿತ್ರೆಯನ್ನು ನೋಡಬೇಕು: 1961ರ ಒಂದು ಸಮೀಕ್ಷೆಯಲ್ಲಿ ಅಲ್ಲಿನ ಸುಮಾರು ನೂರಕ್ಕೆ 90ರಷ್ಟು ವೈದ್ಯರು ಕ್ಯಾನ್ಸರೆಂದು ರೋಗಿಗೆ ತಿಳಿಸದಿರುವುದೇ ಮೇಲೆಂದಿದ್ದರು, 1979ರಲ್ಲಿ ಅದೇ ಪ್ರಶ್ನೆ ಕೇಳಿದಾಗ ನೂರಕ್ಕೆ 97ರಷ್ಟು ಮಂದಿ ತಿಳಿಸುವುದೇ ಸರಿಯೆಂದರು. ಈ ನಡುವೆ 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್, ಸಾವಿನ ಸುದ್ದಿ ಕೇಳಿದವರು ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳಲ್ಲಿ ಸಾಗುತ್ತಾರೆಂಬ ತನ್ನ ಪ್ರಸಿದ್ಧ ವಾದವನ್ನು ಮಂಡಿಸಿದ್ದಳು. ಎಲ್ಲರೂ ಈ ಹಂತಗಳನ್ನು ಸಾಲಾಗಿ ದಾಟುವುದಿಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿಕೊಟ್ಟರು. ಬಿಜಾಪುರ ಸೀಮೆಯ ಮಟ್ಟಿಗಂತೂ ಈ ಹಂತಗಳು ಒಬ್ಬನೊಳಗೆ ನಡೆಯುವುದಕ್ಕಿಂತ ಒಂದು ಮನೆಯೊಳಗೆ ಹಂಚಿಕೆಯಾಗಿರುವುದೇ ಹೆಚ್ಚು: ತಾಯಿ ನಂಬುವುದಿಲ್ಲ, ಮಗ ಡಾಕ್ಟರರ ಮೇಲೆ ಸಿಟ್ಟಾಗುತ್ತಾನೆ, ಗಂಡ ದೇವರೊಡನೆ ಹರಕೆಯ ಲೆಕ್ಕ ಹಾಕುತ್ತಾನೆ, ಒಪ್ಪಿಗೆಯನ್ನು ಯಾರೂ ಕೊಡದೆ ಇದ್ದಾಗಲೇ ರೋಗಿ ಸುಮ್ಮನೆ ಒಪ್ಪಿಕೊಂಡಿರುತ್ತಾಳೆ.

ಮೌನದ ಈ ಪದ್ಧತಿಯಲ್ಲಿ ಪ್ರೀತಿಯಿತ್ತು ಎಂಬುದನ್ನು ಅಲ್ಲಗಳೆಯಲಾಗದು, ಆದರೆ ಅದರ ಬೆಲೆ ತೆತ್ತವರು ರೋಗಿಗಳು, ಅವರಲ್ಲಿಯೂ ಹೆಂಗಸರು. ಎಲ್ಲರಿಗೂ ಗೊತ್ತಿದ್ದು ತನಗೆ ಮಾತ್ರ ಗೊತ್ತಿಲ್ಲದಂತೆ ನಟಿಸಬೇಕಾದ ಹೊರೆ ಅವರ ಮೇಲೆ ಬಿತ್ತು. ಅದೇ ಕಾಲದಲ್ಲಿ, ಎಂದರೆ ಸುಮಾರಾಗಿ ಇಪ್ಪತ್ತನೆಯ ಶತಮಾನದ ಮಧ್ಯದಿಂದ, ಎಂಜಿನ್ನಿನ ಮತ್ತು ಆಮೇಲೆ ವಿದ್ಯುತ್ತಿನ ಹಿಟ್ಟಿನ ಗಿರಣಿಗಳು ಊರೂರಿಗೆ ಬಂದು ಬೀಸುವ ಕಲ್ಲುಗಳು ಮೂಲೆ ಸೇರಿದವು. ರಟ್ಟೆ ಉಳಿಯಿತು, ಅದು ದೊಡ್ಡ ಉಪಕಾರವೇ, ಹಾಡು ಹೋಯಿತು. ಹಳೆಯ ಕಾಲದ ಹೆಂಗಸಿಗೆ ರೋಗದ ಹೆಸರು ಗೊತ್ತಿರಲಿಲ್ಲ, ದುಃಖ ಹೇಳಿಕೊಳ್ಳುವ ಜಾಗ ಗೊತ್ತಿತ್ತು. ಅವಳ ಮೊಮ್ಮಗಳ ಕೈಯಲ್ಲಿ ವರದಿ ಇತ್ತು, ಕೇಳುವವರು ಇರಲಿಲ್ಲ. ಈ ಸೀಮೆಯ ಕ್ಯಾನ್ಸರ್ ಚರಿತ್ರೆಯಲ್ಲಿ ಅತ್ಯಂತ ಕಠಿಣವಾದ ಕಾಲ ಯಾವುದೆಂದು ಕೇಳಿದರೆ ಔಷಧವೇ ಇಲ್ಲದಿದ್ದ ಕಾಲವಲ್ಲ, ಔಷಧ ಬಂದು ಮಾತು ಬರದಿದ್ದ ಈ ಮೂರು ನಾಲ್ಕು ದಶಕಗಳೆಂದೇ ಹೇಳಬೇಕಾಗುತ್ತದೆ.

ಮಾತು ಮರಳಿ ಬಂದ ದಾರಿಗಳಲ್ಲಿ ಒಂದು ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯದು. ಅಲ್ಲಿನ ನರ್ಗಿಸ್ ದತ್ತ ಸ್ಮಾರಕ ಆಸ್ಪತ್ರೆಯ ಆಸರೆಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ, ಎಂದರೆ ಒಂದು ಪ್ರದೇಶದಲ್ಲಿ ಯಾರು ಯಾರಿಗೆ ಯಾವ ಕ್ಯಾನ್ಸರು ಬಂತೆಂದು ಲೆಕ್ಕವಿಡುವ ವ್ಯವಸ್ಥೆ, ಶುರುವಾಯಿತು. ಆಸ್ಪತ್ರೆಯಲ್ಲಿ ಕೂತರೆ ಹಳ್ಳಿಯ ರೋಗಿ ಬರುವುದಿಲ್ಲವಾದ್ದರಿಂದ ಕಾರ್ಯಕರ್ತರೇ ಊರೂರಿಗೆ ಹೋಗಿ, ಹಿರಿಯರನ್ನು ಕಂಡು, ಲಕ್ಷಣಗಳನ್ನು ವಿವರಿಸಿ, ಗುಣವಾಗಬಹುದೆಂದು ತಿಳಿಹೇಳಬೇಕಾಯಿತು. ಇದೇ ತಂಡದ ನೆರವಿನಿಂದ 1999ರಲ್ಲಿ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಆರಂಭವಾದ ಅಧ್ಯಯನ 1,31,746 ಹೆಂಗಸರನ್ನು ಒಳಗೊಂಡು, ಒಂದೇ ಸಲದ ಎಚ್.ಪಿ.ವಿ. ವೈರಾಣು ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆಂದು 2009ರಲ್ಲಿ ತೋರಿಸಿತು. ಭೀಮೆಯ ಈಚೆಗಿನ ಹಳ್ಳಿಗಳಂಥವೇ ಹಳ್ಳಿಗಳಲ್ಲಿ, ನಾಚಿಕೆಯ ರೋಗವೆಂದು ಬಾಯಿಬಿಡದಿದ್ದ ಹೆಂಗಸರು ಸರದಿಯಲ್ಲಿ ನಿಂತು ಪರೀಕ್ಷೆ ಮಾಡಿಸಿಕೊಂಡದ್ದು ಆ ಅಂಕಿಗಿಂತ ಸಣ್ಣ ಸಂಗತಿಯಲ್ಲ.

ಇನ್ನೊಂದು ದಾರಿ ಧರ್ಮಶಾಲೆಗಳದು. ಮುಂಬಯಿಯ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ, ಕಿದ್ವಾಯಿ ಆವರಣದ ಧರ್ಮಶಾಲೆ ಇಂಥ ಕಡೆಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ತಂಗುವವರ ನಡುವೆ, ತಲೆಗೂದಲು ಉದುರಿದವರೂ ನಾಲಿಗೆ ಕತ್ತರಿಸಿಕೊಂಡವರೂ ಮರೆಮಾಚಲು ಏನೂ ಉಳಿಯದೆ ಕೂಡಿ ಅಡುಗೆ ಮಾಡಿಕೊಳ್ಳುತ್ತಿರುವ ನಡುವೆ, ಊರಿನಲ್ಲಿ ಸಾಧ್ಯವಾಗದ ಮಾತುಗಳು ಸಾಧ್ಯವಾದವು. ಒಂದು ಬಗೆಯಲ್ಲಿ ಬೀಸುವ ಕಲ್ಲಿನ ಕೆಲಸವನ್ನು ಈ ಅಪರಿಚಿತರ ಕೂಟ ವಹಿಸಿಕೊಂಡಿತು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಸಂತೋಷ್ ಚತುರ್ವೇದಿಯವರು 1991ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಕ್ಯಾನ್ಸರ್ ಬಂದಾಗ ಬದುಕಿನಲ್ಲಿ ಯಾವುದು ಮುಖ್ಯವೆಂದು ಭಾರತೀಯರನ್ನು ಕೇಳಿದರೆ, ಓಡಾಡುವ ಕೆಲಸ ಮಾಡುವ ಶಕ್ತಿಗಿಂತ ಮನಃಶಾಂತಿ, ಆಧ್ಯಾತ್ಮಿಕ ತೃಪ್ತಿ, ಬಂಧುಬಳಗದ ನಡುವಿನ ಸಮಾಧಾನಗಳನ್ನೇ ಮೇಲೆ ಇಡುತ್ತಾರೆಂದು ವರದಿ ಮಾಡಿದರು. ಇಂಚಗೇರಿಯ ನೇಮವನ್ನೂ ಮಾತಾಡಿಸಿಕೊಂಡು ಬರುವ ರೂಢಿಯನ್ನೂ ಬಲ್ಲವರಿಗೆ ಇದು ಹೊಸದೆನಿಸಲಾರದು. ವೇದನೆ ಇಳಿಸುವುದನ್ನೇ ಗುರಿಯಾಗಿಸಿಕೊಂಡ ಕರುಣಾಶ್ರಯದಂಥ ಸಂಸ್ಥೆಗಳು 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬಂದವು. ಕನ್ನಡದಲ್ಲಿ ಭಾರತಿ ಬಿ.ವಿ. ಅವರು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ತಮ್ಮ ರೋಗವನ್ನು ತಮ್ಮದೇ ದನಿಯಲ್ಲಿ ಹೇಳಿಕೊಂಡರು. ಬಡವರ ಮನಸ್ಸಿನ ಭಾರವನ್ನು ಎಲ್ಲಕ್ಕಿಂತ ಹೆಚ್ಚು ಇಳಿಸಿದ್ದು ಬಹುಶಃ ಹಣದ ನೆರವೇ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಅನಂತರ ಬೆಳಗಾವಿ ವಿಭಾಗಕ್ಕೆ, ಎಂದರೆ ಬಿಜಾಪುರಕ್ಕೂ, ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡತನದ ರೇಖೆಗಿಂತ ಕೆಳಗಿನವರ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚವನ್ನು ಹೊತ್ತಾಗ, ‘ನನ್ನ ಸಲುವಾಗಿ ಹೊಲ ಮಾರಬ್ಯಾಡ್ರಿ’ ಎಂದು ಚಿಕಿತ್ಸೆಯನ್ನೇ ಬೇಡವೆನ್ನುತ್ತಿದ್ದ ಹಿರಿಯರ ಪಾಪಪ್ರಜ್ಞೆಗೆ ಮೊದಲ ಬಾರಿಗೆ ಉತ್ತರ ಸಿಕ್ಕಿತು.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಮಿರಜ, ಬಾರ್ಶಿ, ಹುಬ್ಬಳ್ಳಿ, ಬೆಂಗಳೂರುಗಳಿಂದ ಚಿಕಿತ್ಸೆ ಪಡೆದು ಮರಳಿ ಹೊಲಮನೆ ನೋಡಿಕೊಂಡಿರುವವರಿದ್ದಾರೆ. ಹೊಸದಾಗಿ ವರದಿ ಹಿಡಿದವರಿಗೆ ಇವರ ಮಾತಿಗಿಂತ ದೊಡ್ಡ ಧೈರ್ಯ ಬೇರಿಲ್ಲ. ಹಲಸಂಗಿಯ ಗೆಳೆಯರು ಬೀಸುವ ಹಾಡುಗಳಿಗಾಗಿ ಮನೆಮನೆಗೆ ಅಲೆದಂತೆ, ಈಗ ವಿಜಯಪುರವೆಂದು ಕರೆಯುವ ಬಿಜಾಪುರದಲ್ಲಿಯೇ 2003ರಿಂದ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರೂ ಜಿಲ್ಲೆಯ ವೈದ್ಯಕೀಯ ಕಾಲೇಜುಗಳವರೂ ಕೂಡಿ ಇವರ ಅನುಭವವನ್ನು, ಇವರದೇ ಆಡುಮಾತಿನಲ್ಲಿ, ಇವರ ಒಪ್ಪಿಗೆ ಪಡೆದು ಬರೆದಿಡಬೇಕು.